ಯಾರಿಗೂ ಹೇಳಬೇಡಿ ಎಂದ ನಂಬರು

ಹಂಪಾಪುರದ ಆಸುಪಾಸಿನಲ್ಲಿ ಪುಟ್ಟಸ್ವಾಮಿ ಅಂದರೆ ಯಾವ ಪುಟ್ಟಸ್ವಾಮಿ ಎಂದು ಕೇಳುತ್ತಾರೆ. ಡೈರಿಯಲ್ಲಿ ಕತ್ತು ಚಾಚಿಕೊಂಡು ನಿಲ್ಲುವ ಪುಟ್ಟಸ್ವಾಮಿ ಅಂದರೆ ಸಾಕು, ನಕ್ಕು ಮನೆ ತೋರಿಸುತ್ತಾರೆ. ಬೆಳಿಗ್ಗೆ ಸಂಜೆ ಊರಿನವರೆಲ್ಲ ಹಾಲು ಹಾಕಿ, ಚೀಟಿ ಇಸಕೊಂಡು, ಮಳೆ ಬೆಳೆ ಮಾತಾಡುತ್ತ ಹೊರಟುಹೋದರೆ ಈ ಮನುಷ್ಯ ಮಾತ್ರ ತನ್ನ ಹಾಲು ಕ್ಯಾನಿನಿಂದ ಇಳಿದಲ್ಲಿಂದ ಯಂತ್ರದ ಮೇಲೆ ಕೆಂಪು ಅಂಕಿ ಮೂಡಿ ನಿಲ್ಲುವವರೆಗೆ ಕಣ್ಣು ಮಿಟುಕಿಸುವುದಿಲ್ಲ. ಅವನು ಹಾಲು ಹಾಕಲು ಶುರುಮಾಡಿದ ಮೇಲೆ ಡೈರಿಯವರು ಒಂದು ತೊಟ್ಟು ಮೋಸ ಮಾಡಿದ್ದಿಲ್ಲ. 'ನಾನು ನೋಡ್ತಾ ನಿಂತಿರೋದ್ಕೇ ಮಾಡಿಲ್ಲ' ಎಂಬುದು ಅವನ ವಾದ. ಇದಕ್ಕೆ ಎದುರಾಡಿ ಗೆದ್ದವರು ಯಾರೂ ಇಲ್ಲ.

ಹತ್ತಿ ಬೀಜದ ಪ್ಯಾಕೆಟ್ಟಿನ ಮೇಲೆ ಎಂಥ ಮುದ್ರೆ ಇರಲಿ, ಒಂದು ಹಿಡಿಯನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಕಂಡ ಮೇಲೆಯೇ ಅವನು ಹೊಲಕ್ಕೆ ಕಾಲಿಡುವುದು. ಆಸ್ಪತ್ರೆಯಲ್ಲಿ ಸೂಜಿಯ ಕವರನ್ನು ತನ್ನ ಎದುರಿಗೇ ಹರಿಯಬೇಕು. ಬಸ್ಸಿನಲ್ಲಿ ಕಂಡಕ್ಟರು ಕೊಟ್ಟ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಓದಬೇಕು. ಅವನು ಹೆಂಡ ಮುಟ್ಟಿದವನಲ್ಲ. ಅದಕ್ಕಾಗಿ ಅವನನ್ನು ಸಾಧು ಎಂದು ಹೊಗಳುವುದೂ ಬೇಡ. ಮುಚ್ಚಳ ಹಾಕಿದ ಸೀಸೆಯೊಳಗೆ ಏನು ಬೆರೆಸಿರುತ್ತಾರೋ ಯಾರು ಕಂಡರು ಎಂಬ ಒಂದೇ ಕಾರಣಕ್ಕೆ ಅವನು ಮದುವೆಮನೆಯ ಹಿಂದಿನ ತೋಟಕ್ಕೆ ಗೆಳೆಯರ ಜೊತೆ ಹೋದವನಲ್ಲ.

ಇಂಥವನು ಅನುಮಾನ ಪಡದೆ ಬಿಟ್ಟ ಒಂದೇ ಒಂದು ಜೀವ ಅಂದರೆ ಮಗ ಚಂದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಚಂದು ಹೆಗ್ಗಣವೂ ಅಲ್ಲ, ಲಕ್ಷಣವಾದ ಹುಡುಗ, ಎದುರು ಮಾತಾಡದವನು. ತಾಲ್ಲೂಕು ಕೇಂದ್ರವಾದ ಕೋಟೆಯ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದ. ಕಾಲೇಜು ಮುಗಿಸಿ ಕಂಪ್ಯೂಟರ್ ಕ್ಲಾಸಿಗೂ ಹೋದರೆ ಊರಿನ ಕಡೆಯ ಬಸ್ಸು ತಪ್ಪಿಹೋಗುತ್ತದೆಂದು ಕೋಟೆಗೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಕಿರಣ್ ಕುಮಾರ್ ಎಂಬ ಸಹಪಾಠಿಯ ಜೊತೆ ರೂಮು ಮಾಡಿಕೊಂಡಿದ್ದ. ಭಾನುವಾರ ಮನೆಗೆ ಬರುತ್ತಿದ್ದ.

ಈಚೆಗೆ ಬಂದರೆ ಚೊಂಬುಗಟ್ಟಲೆ ನೀರು ಕುಡಿದು ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಪುಟ್ಟಸ್ವಾಮಿ ಹೋಟೆಲ್ ಊಟದ ಮೇಲೆ ಅನುಮಾನಪಟ್ಟ. ಅನ್ನಕ್ಕೆ ಸೋಡಾ ಹಾಕುತ್ತಾರೆ, ಅದಕ್ಕೇ ದಾಹ. ಕಣ್ಣು ಕೆಂಪಗಿದ್ದರೆ ಫೋನಿನ ಬೆಳಕಿನ ಮೇಲೆ ಅನುಮಾನಪಟ್ಟ. ಹುಡುಗ ಇಳಿದುಹೋಗಿದ್ದಾನೆ ಅನ್ನಿಸಿದಾಗ ಕಿರಣನ ಮೇಲೆ ಅನುಮಾನಪಟ್ಟ. ಆ ಕಿರಣ ತಲೆಯ ಎರಡೂ ಪಕ್ಕ ಬೋಳಿಸಿ ನಡುವೆ ಹುಂಜದ ಜುಟ್ಟಿನಂತೆ ಕೂದಲು ಬಿಟ್ಟುಕೊಂಡಿದ್ದ. ಅಂಥ ತಲೆಯವನು ರೂಮಿನ ರಾಗಿಹಿಟ್ಟನ್ನೆಲ್ಲ ತಾನೇ ತಿಂದು ಮುಗಿಸದೆ ಇರುತ್ತಾನೆಯೇ?

"ಏಲಕ್ಕಿ ಡಬ್ಬ ಬೇರೆ ಖಾಲಿ ಆಯ್ತಾ ಅದೆ ಕಣ್ರೀ," ಎಂದಳು ಹೆಂಡತಿ ಸುನಂದಮ್ಮ ಒಂದು ದಿನ. "ಬಂದಾಗೆಲ್ಲ ಬಾಯಿಗೆ ಎಸ್ಕೊಂಡೇ ಇರ್ತಾನೆ."

"ಓಟ್ಲು ಊಟ ಕಣಮ್ಮಿ, ಗ್ಯಾಸು," ಎಂದ ಪುಟ್ಟಸ್ವಾಮಿ. ಸುನಂದಮ್ಮ ಗಂಡನ ಮುಖವನ್ನೊಮ್ಮೆ ನೋಡಿ ಖಾಲಿ ಡಬ್ಬವನ್ನು ಒಳಗೆ ಎತ್ತಿಟ್ಟಳು.

ಇಷ್ಟು ಹೇಳಿದ ಮೇಲೆ ನಂಬರಿನ ಕಥೆಗೆ ಬರಬೇಕು. ಮಗನನ್ನು ಕಾಲೇಜಿಗೆ ಸೇರಿಸುವಾಗ ಫೋನ್ ನಂಬರ್ ಕೇಳಿದರು. ಚಂದು ತನ್ನದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಸ್ವಾಮಿ ತನ್ನದನ್ನು ಬರೆಸಿದ. ನಮ್ಮ ಕಡೆ ಹೀಗೇ, ಮನೆಗೊಬ್ಬ ಯಜಮಾನ, ಮನೆಗೊಂದು ನಂಬರು. ರೇಷನ್ ಕಾರ್ಡಿಗೂ ಅದೇ, ಗ್ಯಾಸಿಗೂ ಅದೇ, ಸುನಂದಮ್ಮನ ಸ್ತ್ರೀಶಕ್ತಿ ಸಂಘಕ್ಕೂ ಅದೇ. ಏನೇ ಸುದ್ದಿ ಬಂದರೂ ಮೊದಲು ಯಜಮಾನನ ಜೇಬಿನಲ್ಲಿ ಕುಯ್ ಅನ್ನಬೇಕು, ಆಮೇಲೆ ಮಿಕ್ಕವರಿಗೆ.

ಆ ಸಂಜೆ ಅವನು ಹಸುವಿಗೆ ಜೋಳದ ಕಡ್ಡಿ ಕತ್ತರಿಸುತ್ತಿದ್ದಾಗ ಜೇಬು ಕುಯ್ ಎಂದಿತು. ತೆಗೆದು ನೋಡಿದರೆ ಆರು ಅಂಕಿಯ ಒಂದು ನಂಬರು, ಅದರ ಕೆಳಗೆ 'ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ' ಎಂಬ ಎಚ್ಚರಿಕೆ. ಓದಿ ಮುಗಿಸುವಷ್ಟರಲ್ಲಿ ಚಂದುವಿನ ಫೋನು ಬಂತು.

"ಅಪ್ಪ, ಈಗೊಂದು ಮೆಸೇಜ್ ಬಂತಲ್ಲ, ಅದ್ರಲ್ಲಿರೋ ನಂಬರ್ ಯೋಳು."

"ಯಾಕ್ಲಾ?"

"ಕಾಲೇಜಿಂದು ಕಣಪ್ಪ. ಏನೋ ಆನ್‌ಲೈನ್ ಪ್ರೋಗ್ರಾಂ. ಎಲ್ರೂ ಮಾಡ್ಬೇಕಂತೆ."

"ಏನ್ ಪ್ರೋಗ್ರಾಂ?"

"ಆರೋಗ್ಯದ್ದು."

"ಆರೋಗ್ಯಕ್ಕೆ ನಂಬರ್ ಯಾಕ್ಲಾ? ಯಾರಿಗೂ ಯೋಳ್ಬೇಡಿ ಅಂತ ಇದ್ರಲ್ಲೇ ಬರ್ದವ್ರೆ."

"ಅಪ್ಪ, ನಾನು ನಿನ್ ಮಗ ಕಣಪ್ಪ."

"ಮಗನ ದನೀಲಿ ಮಾತಾಡೋ ಕಳ್ರೂ ಅವ್ರೆ ಈಗ. ಟೀವೀಲಿ ತೋರ್ಸಿದ್ರು. ಎಲ್ಲಿ, ನಮ್ ಅಸೀನ ಎಸ್ರೇನು ಯೋಳು?"

"ಗೌರಿ."

ಹಸುವಿನ ಹೆಸರು ಸರಿಯಾಗಿತ್ತು. ಆದರೂ ಪುಟ್ಟಸ್ವಾಮಿ ನಂಬರು ಹೇಳಲಿಲ್ಲ. ಯಾರಿಗೂ ಅಂದರೆ ಯಾರಿಗೂ. ಅದರಲ್ಲಿ ಮಗನನ್ನು ಬಿಟ್ಟು ಎಂದು ಬರೆದಿರಲಿಲ್ಲ. ಆ ವಾರದಲ್ಲೇ ಚಂದು ಮತ್ತೆ ಮತ್ತೆ ಕೇಳಿದ. ಒಮ್ಮೆಯಂತೂ ಅವನ ದನಿ ಬೇಡುವವನ ದನಿಯ ಹಾಗಿತ್ತು. ಪುಟ್ಟಸ್ವಾಮಿಗೆ ಅದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಇಷ್ಟೊಂದು ಅವಸರ ಇರುವುದು ಕಳ್ಳರಿಗೆ ತಾನೇ? ಮಗನ ಮೇಲಲ್ಲ, ಮಗನ ಕೈಯಲ್ಲಿ ಇದನ್ನು ಮಾಡಿಸುತ್ತಿರುವವರ ಮೇಲೆ ಅವನ ಕಣ್ಣು. ಕೊನೆಗೆ ಚಂದು ಕೇಳುವುದನ್ನೇ ಬಿಟ್ಟ.

ಕಾಲೇಜಿನವರು ಬಿಡಲಿಲ್ಲ. 'ನಿಮ್ಮ ಭಾಗ ಇನ್ನೂ ಪೂರ್ತಿಯಾಗಿಲ್ಲ, ಸೋಮವಾರ ಕೊನೆಯ ದಿನ, ಇಲ್ಲಿ ಒತ್ತಿ' ಎಂಬ ಮೆಸೇಜು ಅವನ ಫೋನಿಗೇ ಬಂತು. ಕೊನೆಯ ದಿನ ಎಂಬ ಮಾತಿಗೆ ಹೆದರದ ರೈತನಿಲ್ಲ. ಮಗನ ಓದಿಗೆಲ್ಲಿ ಕುತ್ತು ಬರುತ್ತದೋ ಎಂದು ಪುಟ್ಟಸ್ವಾಮಿ ಜಗಲಿಯ ಮೇಲೆ ಕುಳಿತು, ಫೋನನ್ನು ಮೊಳದ ದೂರದಲ್ಲಿ ಹಿಡಿದು, ಒತ್ತಿದ. ಅದು ಕೇಳಿದ ಆರು ಅಂಕಿಯನ್ನೂ ತಾನೇ ಹಾಕಿದ. ಯಾರಿಗೂ ಹೇಳಿದ ಹಾಗಾಗಲಿಲ್ಲವಲ್ಲ. ಪರದೆಯ ಮೇಲೆ ಸ್ವಚ್ಛ ಕನ್ನಡದಲ್ಲಿ ಪ್ರಶ್ನೆ ಮೂಡಿತು: 'ನೀವು ಮದ್ಯ ಸೇವಿಸುತ್ತೀರಾ?'

"ಥೂ, ಇವ್ರ ಮನೆ ಕಾಯ್ವೋಗ!" ಎಂದು ಪುಟ್ಟಸ್ವಾಮಿ ಎದ್ದೇ ನಿಂತ. "ನೋಡಮ್ಮಿ ಇಲ್ಲಿ, ಓದೋ ಮಕ್ಳನ್ನ ಏನ್ ಕೇಳ್ತಾವ್ರೆ!"

ಸುನಂದಮ್ಮ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಬಂದು ಇಣುಕಿದಳು. ಮುಂದಿನ ಪ್ರಶ್ನೆಗಳು ಇನ್ನೂ ಜೋರಾಗಿದ್ದವು. ಒಂದೇ ಸಲ ಕೂತಾಗ ಎಷ್ಟು ಕುಡಿಯುತ್ತೀರಿ, ಕುಡಿದು ಗಾಡಿ ಓಡಿಸಿದ್ದೀರಾ, ಕುಡಿದ ಮಾರನೆಯ ದಿನ ಕ್ಲಾಸು ತಪ್ಪಿಸಿದ್ದೀರಾ, ನಿಮ್ಮ ಕಾಲೇಜಿನಲ್ಲಿ ನೂರಕ್ಕೆ ಎಷ್ಟು ಮಂದಿ ಕುಡಿಯುತ್ತಾರೆ ಅಂದುಕೊಂಡಿದ್ದೀರಿ. ಪುಟ್ಟಸ್ವಾಮಿಯ ತಲೆಯಲ್ಲಿ ಅನುಮಾನಗಳು ಜಾತ್ರೆ ಕಟ್ಟಿದವು. ಈ ಪಟ್ಟಿ ನೇರವಾಗಿ ಪೊಲೀಸರಿಗೆ ಹೋಗುತ್ತದೆ. ಇಲ್ಲವೇ ನಾಳೆ ಹೆಣ್ಣು ಕೊಡುವವರ ಕೈಗೆ ಸಿಗುತ್ತದೆ. ಅಥವಾ ಬ್ರಾಂದಿ ಕಂಪನಿಯವರೇ ಇದರ ಹಿಂದೆ ಇದ್ದಾರೆ, ಯಾವ ಊರಿನಲ್ಲಿ ಗಿರಾಕಿ ಎಷ್ಟು ಎಂದು ಅಳೆಯುತ್ತಿದ್ದಾರೆ.

"ಅದು ಚಂದೂಗೆ ಬಂದಿರೋದು," ಎಂದಳು ಸುನಂದಮ್ಮ ಮೆಲ್ಲಗೆ. "ಅವ್ನಿಗೇ ಕೊಡಿ. ಅವ್ನೇ ಏನಾರ ಬರ್ಕೊಳ್ಳಿ."

"ಅವ್ನಿಗೇನ್ ಗೊತ್ತಾಯ್ತದೆ, ಇನ್ನೂ ಸಣ್ ಐದ ಅವ್ನು. ಯಾಮಾರಿ ಒಂದ್ ಕಡೆ ಊ ಅಂತ ಒತ್ತುದ್ರೆ ಮುಗೀತು, ಜನ್ಮಪೂರ್ತಿ ಕುಡುಕ ಅನ್ನೋ ಎಸ್ರು."

ಅವನು ಎಲ್ಲದಕ್ಕೂ 'ಇಲ್ಲ' ಒತ್ತಿದ. ಕೊನೆಯಲ್ಲಿ ಹಸಿರು ಬಣ್ಣದ ಒಂದು ನಗುಮುಖ ಮೂಡಿ, 'ಅಭಿನಂದನೆಗಳು! ನಿಮ್ಮ ಕಾಲೇಜಿನ ಹೆಚ್ಚಿನವರಂತೆ ನೀವೂ ಮದ್ಯದಿಂದ ದೂರ ಇದ್ದೀರಿ' ಎಂದಿತು. ಒಂದು ಗಳಿಗೆ ಅವನ ಎದೆ ಉಬ್ಬಿತು. ಮರುಗಳಿಗೆಯೇ ಅನುಮಾನ ಬಂತು. ಇಷ್ಟು ಸಲೀಸಾಗಿ ಹೊಗಳುವವನು ಒಳ್ಳೆಯವನಾಗಿರಲು ಸಾಧ್ಯವೇ?

ಆ ಅನುಮಾನ ಅವನನ್ನು ಮಾರನೆಯ ಬೆಳಿಗ್ಗೆ ಕೋಟೆಯ ಬಸ್ಸು ಹತ್ತಿಸಿತು. ಮಗನಿಗೆಂದು ಸುನಂದಮ್ಮ ಕಟ್ಟಿಕೊಟ್ಟ ರಾಗಿಹಿಟ್ಟು, ಹುರುಳಿಕಾಳಿನ ಚೀಲ ಹೆಗಲ ಮೇಲಿತ್ತು. ಕಾಲೇಜಿನಲ್ಲಿ ವಿಚಾರಿಸಿದಾಗ ಆ ಪ್ರೋಗ್ರಾಂ ನೋಡಿಕೊಳ್ಳುವವರು ಸುಕನ್ಯ ಮೇಡಂ ಎಂದು ಗೊತ್ತಾಯಿತು. ಅವರ ಕೋಣೆಗೆ ನುಗ್ಗಿದವನೇ ಚೀಲವನ್ನೂ ಇಳಿಸದೆ, "ನನ್ ಮಗ ಕುಡಿಯಾಕಿಲ್ಲ ಮೇಡಮ್ಮೋರೆ!" ಎಂದ. ಕುಡಿಯುತ್ತಾನೆ ಎಂದು ಅಲ್ಲಿ ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಮೊದಲು ಕೂತ್ಕೊಳ್ಳಿ ಯಜಮಾನ್ರೇ," ಎಂದರು ಮೇಡಂ. "ಅದರಲ್ಲಿ ಯಾರು ಏನು ಬರೆದ್ರು ಅಂತ ನನಗೂ ಕಾಣಲ್ಲ, ಪ್ರಿನ್ಸಿಪಾಲರಿಗೂ ಕಾಣಲ್ಲ. ಒಟ್ಟು ಲೆಕ್ಕ ಮಾತ್ರ ಬರೋದು."

"ಕಾಣ್ದೆ ಇರೋದ್ನ ಯಾಕೆ ಕೇಳ್ತೀರಾ?"

"ಹುಡುಗರು ತಮಗೆ ತಾವೇ ನೋಡ್ಕೊಳ್ಳಲಿ ಅಂತ. ನೋಡಿ, ನಮ್ಮ ಹುಡುಗರಲ್ಲಿ ಎಷ್ಟೋ ಜನ ಆಸೆಗೆ ಕುಡಿಯೋದಲ್ಲ. ಎಲ್ರೂ ಕುಡೀತಾರೆ, ನಾನೊಬ್ಬ ಬೇಡ ಅಂದ್ರೆ ನಗ್ತಾರೆ ಅಂತ ಕುಡೀತಾರೆ. ನಿಜವಾಗಿ ಕುಡಿಯೋರು ಕಮ್ಮಿ ಅಂತ ಇದು ತೋರಿಸುತ್ತೆ. ಜಾಸ್ತಿ ಕುಡಿಯೋನಿಗೆ ಹೇಗೆ ಕಮ್ಮಿ ಮಾಡೋದು, ಯಾರ ಹತ್ರ ಮಾತಾಡೋದು ಅಂತ ಹೇಳುತ್ತೆ. ಮುಖ ನೋಡಿ ಹೇಳಕ್ಕಾಗದ್ದನ್ನ ಫೋನಿಗೆ ಹೇಳ್ತಾರೆ. ಆದ್ರೆ ನಿಜ ಬರೆದ್ರೆ ಮಾತ್ರ ಉಪಯೋಗ."

ಪುಟ್ಟಸ್ವಾಮಿಗೆ ಒಂದು ಮಾತಿನ ಮೇಲೂ ನಂಬಿಕೆ ಹುಟ್ಟಲಿಲ್ಲ. ತನಗೂ ಕಾಣದು ಎಂದು ಮೇಡಂ ಅಂದದ್ದನ್ನಂತೂ ಅವನು ಶುದ್ಧ ಸುಳ್ಳೆಂದೇ ತಿಳಿದ. ಇನ್ನು ಮುಂದೆ ಇದೆಲ್ಲ ತನ್ನ ಫೋನಿಗೆ ಬರುವುದು ಬೇಡ ಎಂದು ಹಟ ಹಿಡಿದ. ಈ ವರ್ಷದ ದಾಖಲೆ ಮುಗಿದಿದೆ, ದಸರಾ ಕಳೆದ ಮೇಲೆ ಮತ್ತೊಂದು ಸಲ ಇದೇ ಪ್ರಶ್ನೆ ಬರುತ್ತದೆ, ಅದೂ ಅದೇ ನಂಬರಿಗೇ ಬರುವುದು, ಮುಂದಿನ ವರ್ಷ ಬದಲಾಯಿಸಬಹುದು ಎಂದರು ಅವರು. ಅವನು ಎದ್ದು ಬಾಗಿಲಿಗೆ ಬಂದಾಗ ಕೇಳಿದರು: "ಚಂದು ಇವತ್ತೂ ಕ್ಲಾಸಿಗೆ ಬಂದಿಲ್ವಲ್ಲ, ಹುಷಾರಿಲ್ವಾ?"

'ಇವತ್ತೂ' ಎಂಬ ಮಾತು ಅವನ ಕಿವಿಯಲ್ಲಿ ಕೂತಿತು. ಹ್ಯಾಂಡ್‌ಪೋಸ್ಟಿಗೆ ಬಂದು ಇಳಿದು, ಅಂಗಡಿ ಸಾಲಿನ ಹಿಂದಿನ ಮಹಡಿಯ ರೂಮಿಗೆ ಒಂದೇ ಉಸಿರಿಗೆ ಹತ್ತಿದ. ಬಾಗಿಲಲ್ಲಿ ಕಿರಣ ಬಕೆಟ್ಟು ಹಿಡಿದು ನಿಂತಿದ್ದ. ಒಳಗೆ ಚಾಪೆಯ ಮೇಲೆ ಚಂದು ಮುಖ ಅಡಿಯಾಗಿ ಬಿದ್ದಿದ್ದ. ಅಂಗಿಯೆಲ್ಲ ವಾಂತಿ. ಸೀಸೆಯ ಮುಚ್ಚಳ ತೆಗೆದವನಲ್ಲದಿದ್ದರೂ ಪುಟ್ಟಸ್ವಾಮಿಯ ಮೂಗಿಗೆ ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವನು ಚೀಲ ಎಸೆದು ಕಿರಣನ ಕೊರಳಪಟ್ಟಿಗೆ ಕೈ ಹಾಕಿದ. "ಏನ್ಲಾ ಕುಡಿಸ್ದೆ ನನ್ ಮಗನಿಗೆ? ನಿನ್ ತಲೆ ನೋಡ್ದಾಗ್ಲೇ ಅನ್ಕೊಂಡಿದ್ದೆ!"

"ಅವ್ನ ಬುಡಪ್ಪ," ಎಂದ ಚಂದು, ತಲೆ ಎತ್ತಲಾರದೆ. "ಅವ್ನು ಕುಡಿಯಾಕಿಲ್ಲ. ಕುಡಿಯೋನು ನಾನು."

ಪುಟ್ಟಸ್ವಾಮಿಯ ಕೈ ತಾನಾಗಿ ಕೆಳಗಿಳಿಯಿತು. ಕಿರಣ ಅಂಗಿ ಸರಿಮಾಡಿಕೊಂಡು ತಡೆತಡೆದು ಹೇಳಿದ. ನಿನ್ನೆ ಯಾರದೋ ಬರ್ತ್‌ಡೇ, ಹುಡುಗರೆಲ್ಲ ಕಬಿನಿ ಹಿನ್ನೀರಿನ ದಡಕ್ಕೆ ಹೋಗಿದ್ದರು. ಈಗೀಗ ಚಂದು ಒಂದಕ್ಕೆ ನಿಲ್ಲಿಸುವುದಿಲ್ಲ, ಬೀಳುವವರೆಗೆ ಕುಡಿಯುತ್ತಾನೆ. ಬೈಕ್ ನಾನೇ ಓಡಿಸುತ್ತೇನೆಂದು ಹಟ ಮಾಡಿದ. ಕಿರಣ ಕೀ ಕಿತ್ತು ನೀರಿಗೆ ಎಸೆದ. ಬೈಕ್ ಇನ್ನೂ ಅಲ್ಲೇ ಇದೆ.

"ನಾನೂ ಜೊತೇಲಿ ಕುಡೀತಿದ್ದೆ ಅಂಕಲ್, ಸುಳ್ ಯಾಕೆ ಯೋಳ್ಲಿ. ಕಾಲೇಜಿಂದು ಫೋನಲ್ಲಿ ಕೇಳ್ತಲ್ಲ, ಎಷ್ಟ್ ಜನ ಕುಡೀತಾರೆ ಅಂತ, ನೂರಕ್ಕೆ ಎಂಬತ್ತು ಅಂತ ಒತ್ದೆ. ಅದು ಮೂವತ್ತೂ ಇಲ್ಲ ಅಂತು. ನಾನ್ಯಾಕೆ ಈ ಸುಖಕ್ಕೆ ಎದ್ದು ಬಿದ್ದು ಕುಡೀತಿದೀನಿ ಅನ್ನಿಸ್ಬುಡ್ತು. ಇವ್ನೂ ಮಾಡ್ಬೇಕು ಅಂತಿದ್ದ. ನಂಬರ್ ಸಿಕ್ಲಿಲ್ಲ."

ಚಂದು ಗೋಡೆಗೆ ಒರಗಿ ಎದ್ದು ಕೂತ. "ಎಷ್ಟ್ ಸಲ ಕೇಳ್ದೆ ಅಪ್ಪ, ನಂಬರ್ ಯೋಳು ಅಂತ. ನಿನ್ ಮುಂದೆ ಯೋಳಕ್ಕಾಗ್ಲಿಲ್ಲ, ಅವ್ವನ್ ಮುಂದೆ ಯೋಳಕ್ಕಾಗ್ಲಿಲ್ಲ. ಬುಡ್ಬೇಕು ಅಂದ್ರೂ ನನ್ ಕೈಲಿ ಆಯ್ತಿಲ್ಲ. ಆ ಫೋನು ಮಕ ನೋಡಾಕಿಲ್ವಲ್ಲ, ಅದ್ಕಾದ್ರೂ ನಿಜ ಯೋಳ್ಬುಡಾನ ಅಂತಿದ್ದೆ."

ಪುಟ್ಟಸ್ವಾಮಿ ಚಾಪೆಯ ಅಂಚಿನಲ್ಲಿ ಕುಕ್ಕರಿಸಿದ. "ಅದ್ನ ನಾನೇ ಮಾಡ್ಬುಟ್ಟೆ ಕಣ್ಲಾ," ಎಂದ. "ಎಲ್ಲಾದಕ್ಕೂ ಇಲ್ಲ ಇಲ್ಲ ಅಂತ ಒತ್ಬುಟ್ಟೆ."

ಚಂದು ಅಪ್ಪನನ್ನೇ ನೋಡಿದ. ನಗು ಬಂದ ಹಾಗಾಗಿ ಅದು ಅಳುವಾಯಿತು. ಪುಟ್ಟಸ್ವಾಮಿ ಕಿರಣನ ಕೈಯಿಂದ ಬಕೆಟ್ಟು ಇಸಕೊಂಡು, ಹೆಗಲ ಟವೆಲ್ಲು ಒದ್ದೆ ಮಾಡಿ, ಮಗನ ಮುಖ, ಕತ್ತು, ಎದೆ ಒರೆಸಿದ. ಮಗುವಾಗಿದ್ದಾಗ ಒರೆಸಿದ್ದು ಬಿಟ್ಟರೆ ಅವನು ಮಗನ ಮೈ ಮುಟ್ಟಿ ಎಷ್ಟೋ ಕಾಲವಾಗಿತ್ತು. ಆಮೇಲೆ ಕಿರಣನ ಕಡೆ ತಿರುಗಿ, "ಹಿಟ್ಟು ತಂದಿದೀನಿ, ಇಬ್ರೂ ಮುದ್ದೆ ಮಾಡ್ಕೊಂಡು ಉಣ್ಣಿ ಕಣಪ್ಪ," ಎಂದ. ಕ್ಷಮಿಸು ಎಂಬ ಮಾತು ಆ ಮನೆತನದಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಇದ್ದದ್ದರಲ್ಲಿ ಇದೇ ಹತ್ತಿರದ್ದು.

ಊರಿನ ಬಸ್ಸಿನಲ್ಲಿ ಕೂತಾಗ ಟಿಕೆಟ್ಟನ್ನು ಬೆಳಕಿಗೆ ಹಿಡಿಯಲು ಮರೆತ. ಬೀಜ ನೋಡಿದೆ, ಹಾಲು ನೋಡಿದೆ, ಸೂಜಿ ನೋಡಿದೆ, ಮನೆಯೊಳಗೆ ಕೆಂಪು ಕಣ್ಣು ಬಿಟ್ಟುಕೊಂಡು ಏಲಕ್ಕಿ ಅಗಿಯುತ್ತಿದ್ದವನನ್ನು ನೋಡಲಿಲ್ಲ ಎಂದು ತನ್ನನ್ನೇ ಬೈದುಕೊಂಡ. ಹಂಪಾಪುರ ಬರುವಷ್ಟರಲ್ಲಿ ಹಳೆಯ ಚಾಳಿ ಹೊಸ ದಾರಿ ಹಿಡಿದಿತ್ತು. ಇನ್ನು ಮೇಲೆ ಭಾನುವಾರ ಬಂದ ಕೂಡಲೇ ಬಾಯಿ ಮೂಸಬೇಕು. ಚೀಲ ತಡಕಬೇಕು. ಕಿರಣನಿಗೆ ಗುಟ್ಟಾಗಿ ಫೋನು ಮಾಡಿ ವಿಚಾರಿಸಬೇಕು.

ಎಲ್ಲವನ್ನೂ ಕೇಳಿದ ಸುನಂದಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. "ನೀವು ಮೂಸುದ್ರೆ ಅವ್ನು ಬಾಯಿ ಮುಚ್ಕೊತಾನೆ, ಅಷ್ಟೇಯ. ಬಾಯಿ ಬುಟ್ಟು ಯೋಳೋದು ಬ್ಯಾಡ್ವಾ ನಿಮ್ಗೆ?" ಎಂದಳು.

ಅದಾದ ಮೇಲಿನ ಭಾನುವಾರಗಳು ಪುಟ್ಟಸ್ವಾಮಿಯ ಪಾಲಿಗೆ ಕಷ್ಟದವು. ಮಗ ಪಕ್ಕದಲ್ಲಿ ಕೂತರೆ ಮೂಗು ತಾನಾಗಿ ಆ ಕಡೆ ತಿರುಗುತ್ತಿತ್ತು. ಅವನು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಕೆಲವು ಭಾನುವಾರ ಚಂದುವಿನ ಕಣ್ಣು ತಿಳಿಯಾಗಿತ್ತು. ಒಂದು ಭಾನುವಾರ ಅವನು ಬರಲೇ ಇಲ್ಲ. ಅಂದು ಪುಟ್ಟಸ್ವಾಮಿ ಕಿರಣನ ನಂಬರು ತೆಗೆದು, ಒತ್ತಲು ಹೋಗಿ, ಫೋನನ್ನು ರಾಗಿ ಚೀಲದ ಮೇಲೆ ಬೋರಲು ಹಾಕಿಟ್ಟ. ಹುಡುಗ ಬಿಡುತ್ತಾನೋ, ಇದರಲ್ಲೇ ಮುಳುಗುತ್ತಾನೋ, ಅವನಿಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ಇರುವುದನ್ನು ಸಹಿಸುವ ಅಭ್ಯಾಸ ಅವನಿಗೆ ಯಾವ ಕಾಲಕ್ಕೂ ಇರಲಿಲ್ಲ.

ದಸರಾ ಕಳೆದು ಕಾಲೇಜು ಶುರುವಾಯಿತು. ಒಂದು ಸಂಜೆ ಡೈರಿಯಲ್ಲಿ ಅವನ ಸರದಿ ಬಂದು, ಹಾಲು ಇನ್ನೇನು ಅಳತೆಗೆ ಇಳಿಯಬೇಕು, ಜೇಬು ಕುಯ್ ಎಂದಿತು. ಆರು ಅಂಕಿ. ಕೆಳಗೆ ಅದೇ ಎಚ್ಚರಿಕೆ. ಹಿಂದೆಯೇ ಚಂದುವಿನ ಫೋನು.

"ಅಪ್ಪ..." ಎಂದು ಹುಡುಗ ನಿಲ್ಲಿಸಿದ. ಕೇಳಲೋ ಬೇಡವೋ ಎಂಬ ಹಾಗೆ.

"ಇರು ಕಣ್ಲಾ, ಇಲ್ಲಿ ಗದ್ಲ," ಎಂದು ಪುಟ್ಟಸ್ವಾಮಿ ಸಾಲಿನಿಂದ ಆಚೆ ಬಂದ. ಯಂತ್ರಕ್ಕೆ ಬೆನ್ನು ಮಾಡಿ ಬೇಲಿಯ ಹತ್ತಿರ ನಿಂತು, ಫೋನನ್ನು ಕಿವಿಯಿಂದ ತೆಗೆದು ನಂಬರು ನೋಡಿ, ಮತ್ತೆ ಕಿವಿಗಿಟ್ಟು, ಮಗುವಿಗೆ ಮಗ್ಗಿ ಹೇಳಿಕೊಡುವವನಂತೆ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದ. ಆ ಕಡೆ ಚಂದು ಒಂದೊಂದನ್ನೂ ತಿರುಗಿ ಹೇಳಿದ.

"ಆಯ್ತಪ್ಪ, ಓಪನ್ ಆಯ್ತು."

ಏನಂತ ಬರೀತೀಯ ಎಂಬ ಮಾತು ಪುಟ್ಟಸ್ವಾಮಿಯ ನಾಲಗೆಯ ತುದಿಗೆ ಬಂತು. ಈ ವಾರ ಕುಡಿದೆಯಾ, ಎಷ್ಟು, ಯಾರ ಜೊತೆ?

"ನಿಧಾನಕ್ಕೆ ಮಾಡ್ಲಾ," ಎಂದ. "ನಾನ್ ನೋಡಾಕಿಲ್ಲ."

ಫೋನು ಜೇಬಿಗಿಟ್ಟು ತಿರುಗಿ ಬರುವಷ್ಟರಲ್ಲಿ ಯಂತ್ರದ ಮೇಲೆ ಬೇರೆ ಯಾರದೋ ಹಾಲಿನ ಅಂಕಿ ಓಡುತ್ತಿತ್ತು. ಡೈರಿಯವನು ಅವನ ಖಾಲಿ ಕ್ಯಾನನ್ನೂ ಚೀಟಿಯನ್ನೂ ಮುಂದೆ ಚಾಚಿ, "ಏನ್ ಸ್ವಾಮಣ್ಣ, ಇವತ್ತು ನೋಡ್ಲೇ ಇಲ್ವಲ್ಲ?" ಎಂದು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಪುಟ್ಟಸ್ವಾಮಿ ಚೀಟಿಯನ್ನು ಓದದೆ ಮಡಚಿ ಜೇಬಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ.